ಅಜ್ಜಿಯ ಮನೆಗೆ ಹತ್ತು ಗಂಟು

ಬೇಸಗೆಯ ರಜೆ ಸಮೀಪಿಸಿತೆಂದರೆ ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಹಳ್ಳಿಗಳಲ್ಲಿ ವೃದ್ಧರ ಕಿವಿ ದೂರವಾಣಿಯ ಕಡೆಗೇ ಇರುತ್ತದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಎಂದು ಹೊರಡುವನು, ಸೊಸೆಗೆ ರಜೆ ದೊರೆಯಿತೇ, ಮೊಮ್ಮಕ್ಕಳು ಎಷ್ಟು ದಿನ ಉಳಿದಾರು ಎಂಬುದೇ ಅವರ ಹಗಲಿರುಳಿನ ಯೋಚನೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿರುತ್ತದೆ. ಅಟ್ಟದಿಂದಿಳಿದ ಚಾಪೆ, ಕಂಬಳಿಗಳು ಬಿಸಿಲು ಕಾಣುತ್ತಿರುತ್ತವೆ. ಸೊರಬ ತಾಲ್ಲೂಕಿನ ಅಂಥದೊಂದು ಮನೆಯಲ್ಲಿ, ಎಲ್ಲ ಸಿದ್ಧತೆಯ ನಡುವೆ, ಒಂದು ವರ್ಷ ದೂರವಾಣಿಯಲ್ಲಿ ಬಂದ ಮಾತು ಅಜ್ಜಿಯ ಎದೆಗೆ ಮುಳ್ಳಿನಂತೆ ನಾಟಿತು. ಏಳು ವರ್ಷದ ಮೊಮ್ಮಗಳು ಹೇಳಿದ್ದಿಷ್ಟೇ: "ಅಜ್ಜಿ, ಈ ಸಲ ನೀನೇ ಇಲ್ಲಿಗೆ ಬಾ. ನಂಗೆ ಆ ದಾರಿ ಬೇಡ."

ಹುಡುಗಿಗೆ ಅಜ್ಜಿ ಬೇಕು. ಕೊಟ್ಟಿಗೆಯ ಕರುವೂ ಬೇಕು, ಬಾವಿಕಟ್ಟೆಯೂ ಬೇಕು. ಬೇಡವಾದದ್ದು ನಡುವಣ ಸುಮಾರು ೪೦೦ ಕಿಲೋಮೀಟರ್ ರಸ್ತೆ. ಹಿಂದಿನ ವರ್ಷ ಆ ರಸ್ತೆಯಲ್ಲಿ ನಡೆದ ಕಥೆ ಎಲ್ಲ ಸಂಸಾರಗಳಿಗೂ ಪರಿಚಿತವಾದುದೇ. ಮಧ್ಯಾಹ್ನದ ಊಟಕ್ಕೆ ಊರು ಸೇರಿಯೇ ತೀರಬೇಕೆಂದು ತಂದೆಯ ಹಟ; ಎಲ್ಲಿಯೂ ಕಾರು ನಿಲ್ಲಲಿಲ್ಲ. ಕಡೂರು ತಲುಪುವ ಮೊದಲೇ ಹುಡುಗಿಗೆ ವಾಂತಿಯಾಯಿತು. ನಾಲ್ಕು ವರ್ಷದ ತಮ್ಮ, "ಅಜ್ಜಿ ಮನೆ ಬಂತಾ?" ಎಂದು ಇಪ್ಪತ್ತು ಸಲ ಕೇಳಿ, ಇಪ್ಪತ್ತೊಂದನೆಯ ಸಲ ಗದರಿಸಿಕೊಂಡು, ಶಿವಮೊಗ್ಗದವರೆಗೂ ಅತ್ತ. ಕೊನೆಗೆ ತಾಯಿ ತನ್ನ ಮೊಬೈಲನ್ನು ಅವನ ಕೈಗಿತ್ತಳು. ಅಳು ನಿಂತಿತು, ಆದರೆ ಶಿಕಾರಿಪುರದ ಬಳಿ ಅವನಿಗೂ ಹೊಟ್ಟೆ ತೊಳಸಿತು. ಅಂಗಳದಲ್ಲಿ ಇಳಿದವರ ಮುಖದಲ್ಲಿ ಹಬ್ಬದ ಕಳೆಯಿರಲಿಲ್ಲ. ಅದನ್ನು ಕಂಡ ಅಜ್ಜಿ ಅಂದು ಏನನ್ನೂ ಆಡಲಿಲ್ಲ, ಆದರೆ ಮೊಮ್ಮಗಳ ಈಗಿನ ಮಾತು ಕೇಳಿದ ಮೇಲೆ ಮಗನಿಗೆ ಹೇಳಿದಳು: "ನೀನು ಎಷ್ಟು ಗಂಟೆಗೆ ಬರ್ತೀಯ ಅಂತ ನಾ ಕೇಳಿದ್ನಾ ಮಾರಾಯ? ಮಕ್ಕಳು ನಗ್ತಾ ಬಂದ್ರೆ ಸಾಕು. ರಾತ್ರಿಯಾದ್ರೂ ಅಡ್ಡಿಯಿಲ್ಲ."

ಈ ಮಾತಿನಲ್ಲಿ ಮುದುಕಿಯ ಮಮತೆಯ ಜತೆಗೆ ದೊಡ್ಡದೊಂದು ವಿವೇಕವೂ ಅಡಗಿದೆ. ದಾರಿಯನ್ನು ದ್ವೇಷಿಸಿದ ಮಗು ಬೆಳೆಯುತ್ತ ಬೆಳೆಯುತ್ತ ದಾರಿಯ ಕೊನೆಯ ಊರನ್ನೂ ಮರೆಯುತ್ತದೆ. ಇಂದು ಬಾರದ ಮೊಮ್ಮಗಳು ನಾಳೆ ತನ್ನ ಮಕ್ಕಳನ್ನು ಕರೆತರುವಳೆಂಬ ಭರವಸೆಯೆಲ್ಲಿ? ಆದಕಾರಣ, ದೀರ್ಘಪ್ರಯಾಣದಲ್ಲಿ ಮಕ್ಕಳನ್ನು ಸಂತೋಷವಾಗಿಡುವುದು ಹೇಗೆಂಬ ಪ್ರಶ್ನೆ ಸಣ್ಣದಾಗಿ ತೋರಿದರೂ ಅದರ ಬೇರು ಆಳಕ್ಕೆ ಹೋಗಿದೆ.

ಮಗುವಿನ ಲೆಕ್ಕವೇ ಬೇರೆ

ಹಿಂದಿನ ಕಾಲದಲ್ಲಿ ಮಕ್ಕಳು ಕಮಾನು ಗಾಡಿಯಲ್ಲಿ ಪ್ರಯಾಣ ಮಾಡುತ್ತಿದ್ದರು. ಗಾಡಿಯೊಳಗೆ ಹುಲ್ಲಿನ ಮೆತ್ತೆ, ಅದರ ಮೇಲೆ ಜಮಖಾನ. ಎತ್ತಿನ ಕೊರಳಿನ ಗಂಟೆಯ ಸದ್ದು. ಗಾಡಿಯ ವೇಗ ಮನುಷ್ಯನ ನಡಿಗೆಯ ವೇಗವೇ ಆದುದರಿಂದ, ಬೇಸರವಾದ ಹುಡುಗ ಕೆಳಗೆ ಹಾರಿ ಗಾಡಿಯ ಪಕ್ಕದಲ್ಲೇ ಓಡಬಹುದಾಗಿತ್ತು. ಬೇಲಿಯ ಮೇಲಣ ಹೂವು ಕೀಳಬಹುದಾಗಿತ್ತು. ದಣಿದಾಗ ಮತ್ತೆ ಹತ್ತಬಹುದಾಗಿತ್ತು. ಹಳ್ಳ ಬಂದರೆ ಎತ್ತಿಗೂ ನೀರು, ಮಗುವಿಗೂ ನೀರು. ಮೋಟಾರು ಬಂದು ದಿನಗಳ ದಾರಿಯನ್ನು ಗಂಟೆಗಳಿಗೆ ಇಳಿಸಿದ್ದೇನೋ ನಿಜ. ಅದರೊಡನೆ ಮಗುವಿನ ಕಾಲನ್ನೂ ಕಟ್ಟಿಹಾಕಿತು. ದೊಡ್ಡವರಿಗೆ ಎಂಟು ಗಂಟೆ ಎಂಬುದು ಗಡಿಯಾರದ ಒಂದು ಲೆಕ್ಕ. ನಾಲ್ಕು ವರ್ಷದ ಮಗುವಿಗೆ ಗಂಟೆಯ ಅರ್ಥವೇ ತಿಳಿಯದು. "ಇನ್ನು ಸ್ವಲ್ಪ ಹೊತ್ತು" ಎಂಬ ಮಾತನ್ನು ಕೇಳಿ ಕೇಳಿ, ಅದು ಸುಳ್ಳೆಂಬುದೊಂದನ್ನು ಮಾತ್ರ ಅದು ಕಲಿಯುತ್ತದೆ.

ಆದುದರಿಂದ ಪ್ರಯಾಣದ ಮೊದಲ ಕರ್ತವ್ಯವೆಂದರೆ ಮಗುವಿನ ಕಣ್ಣಿಗೆ ಕಾಣುವಂತೆ, ಕೈಗೆ ಸಿಗುವಂತೆ ದೂರವನ್ನು ತುಂಡರಿಸಿ ಕೊಡುವುದು. ಅಜ್ಜಿ ಸೊಸೆಗೆ ಹೇಳಿಕೊಟ್ಟ ಉಪಾಯ ಇದೇ. ಗಟ್ಟಿಯಾದ ಒಂದು ಬಣ್ಣದ ದಾರ. ಅದಕ್ಕೆ ಸಡಿಲವಾದ ಹತ್ತು ಗಂಟು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಶಿಕಾರಿಪುರ, ಶಿರಾಳಕೊಪ್ಪ: ಊರಿಗೊಂದರಂತೆ ಒಂಬತ್ತು ಗಂಟು. ಊರು ಬಂದಾಗ ಮಕ್ಕಳು ಸರದಿಯ ಮೇಲೆ ಒಂದೊಂದನ್ನು ಬಿಚ್ಚಬೇಕು. ಹತ್ತನೆಯದನ್ನು ಮಾತ್ರ ಯಾರೂ ಮುಟ್ಟಕೂಡದು. ಅದು ಅಜ್ಜಿಯ ಪಾಲು. ಇನ್ನು "ಅಜ್ಜಿ ಮನೆ ಬಂತಾ?" ಎಂದು ಕೇಳಿದರೆ ಉತ್ತರ ಮಗುವಿನ ಕೈಯಲ್ಲೇ ಇದೆ. ಮೂರು ಗಂಟು ಉಳಿದಿದ್ದರೆ ಮೂರು. ಅದರಲ್ಲಿ ಸುಳ್ಳಿಗೆ ಎಡೆಯಿಲ್ಲ.

ಹೊರಡುವ ಮುನ್ನ

ಸುಖಪ್ರಯಾಣದ ಅರ್ಧಭಾಗ ಮನೆಯಲ್ಲೇ ನಿರ್ಧಾರವಾಗುತ್ತದೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಗಂಟುಮೂಟೆ ಕಟ್ಟುವ ಗದ್ದಲದಲ್ಲಿ ಮಕ್ಕಳ ನಿದ್ದೆ ಕೆಡಿಸಿ, ನಸುಕಿನ ನಾಲ್ಕಕ್ಕೆ ಎಬ್ಬಿಸಿ ಕೂರಿಸಿದರೆ ಅಂದಿನ ಅಳುವಿಗೆ ಬೀಜ ಬಿತ್ತಿದಂತೆಯೇ ಸರಿ. ನಸುಕಿನಲ್ಲಿ ಹೊರಡುವುದು ಒಳ್ಳೆಯದೇ; ಬೆಂಗಳೂರಿನ ವಾಹನಸಂದಣಿಯೂ ತಪ್ಪುತ್ತದೆ, ಬಿಸಿಲೂ ತಪ್ಪುತ್ತದೆ. ಆದರೆ ಹಿಂದಿನ ಸಂಜೆ ಏಳಕ್ಕೇ ಊಟ, ಎಂಟಕ್ಕೇ ನಿದ್ದೆ ಆಗಿರಬೇಕು. ಚಾಲಕನ ನಿದ್ದೆಗೂ ಈ ಮಾತು ಸಲ್ಲುತ್ತದೆ. ಅರೆನಿದ್ದೆಯ ಸಾರಥಿ ಅಳುವ ಮಗುವಿಗಿಂತ ಹೆಚ್ಚಿನ ಅಪಾಯ.

ಮಕ್ಕಳಿಗೆ ತಮ್ಮದೇ ಆದ ಒಂದೊಂದು ಪುಟ್ಟ ಚೀಲ ಇರಲಿ. ಅದರೊಳಗೆ ಏನಿರಬೇಕೆಂಬುದನ್ನು ಅವರೇ ಆರಿಸಲಿ: ಒಂದು ಬೊಂಬೆ, ಬಣ್ಣದ ಕಡ್ಡಿ, ಹಳೆಯ ದುಪ್ಪಟಿಯ ತುಂಡು. ಮನೆಯ ವಾಸನೆಯಿರುವ ಆ ದುಪ್ಪಟಿ ಹೊಸ ಆಟಿಕೆಗಿಂತ ಹೆಚ್ಚು ಸಮಾಧಾನ ಕೊಡುವುದನ್ನು ತಾಯಂದಿರೆಲ್ಲ ಬಲ್ಲರು. ಹೊಸ ಆಟಿಕೆಗಳಿದ್ದರೆ ಎಲ್ಲವನ್ನೂ ಒಮ್ಮೆಗೇ ಕೊಡದೆ, ತಿಪಟೂರಿಗೊಂದು, ಭದ್ರಾವತಿಗೊಂದು ಎಂದು ಬಚ್ಚಿಟ್ಟು ಕೊಡುವುದು ಜಾಣತನ.

ಬುತ್ತಿಯ ವಿಷಯದಲ್ಲಿಯೂ ಹಿತಮಿತವೇ ಸರಿ. ಎಣ್ಣೆಯಲ್ಲಿ ಕರಿದ ತಿಂಡಿ, ಅತಿಸಿಹಿ, ಹೊಟ್ಟೆ ಬಿರಿಯುವ ಊಟ ಬೇಡ, ಬರಿಹೊಟ್ಟೆಯೂ ಬೇಡ. ಇಡ್ಲಿ, ಬಾಳೆಹಣ್ಣು, ಒಗ್ಗರಣೆಯ ಮಂಡಕ್ಕಿ, ಅವಲಕ್ಕಿ, ಉಪ್ಪು ಬೆರೆಸಿದ ನೀರುಮಜ್ಜಿಗೆ: ಇವು ಹಗುರ, ಚೆಲ್ಲಿದರೂ ಒರೆಸುವುದು ಸುಲಭ. ಸ್ವಲ್ಪಸ್ವಲ್ಪವಾಗಿ, ಹಲವು ಸಲ ಕೊಡಬೇಕು. ಒಂದು ಎಚ್ಚರ: ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಡಲೆಕಾಯಿ ಬೀಜ, ಇಡಿಯ ದ್ರಾಕ್ಷಿ, ಗಟ್ಟಿ ಮಿಠಾಯಿಗಳನ್ನು ಓಡುವ ಗಾಡಿಯಲ್ಲಿ ಕೊಡಬಾರದು. ಒಂದು ಕುಲುಕಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡೀತು. ಕುಡಿಯುವ ನೀರು, ಎರಡು ಜತೆ ಬಟ್ಟೆ, ಒದ್ದೆ ಚೌಕ, ವಾಂತಿಗೆಂದು ಗಟ್ಟಿ ಚೀಲ, ಉಪ್ಪುಸಕ್ಕರೆಯ ಪುಡಿಯ ಪೊಟ್ಟಣ, ವೈದ್ಯರು ಹೇಳಿದ ಔಷಧ: ಇವು ಡಿಕ್ಕಿಯ ತಳ ಸೇರದೆ ಕೈಗೆಟಕುವಲ್ಲಿ ಇರಬೇಕು.

ಹೊಟ್ಟೆ ತೊಳಸುವುದೇಕೆ?

ಪ್ರಯಾಣದ ವಾಂತಿಯನ್ನು ಮಗುವಿನ ದೌರ್ಬಲ್ಯವೆಂದೋ ಹಟವೆಂದೋ ತಿಳಿಯುವವರುಂಟು. ಅದು ಸರಿಯಲ್ಲ. ನಮ್ಮ ಒಳಗಿವಿಯಲ್ಲಿ ದೇಹದ ಚಲನೆಯನ್ನೂ ಸಮತೋಲವನ್ನೂ ಅರಿಯುವ ಅಂಗವಿದೆ. ಗಾಡಿ ತಿರುಗಿದಾಗ, ಕುಲುಕಿದಾಗ ಅದು "ನಾವು ಚಲಿಸುತ್ತಿದ್ದೇವೆ" ಎಂದು ಮೆದುಳಿಗೆ ತಿಳಿಸುತ್ತದೆ. ಅದೇ ಸಮಯದಲ್ಲಿ ಮಗುವಿನ ಕಣ್ಣು ಪುಸ್ತಕದ ಮೇಲೋ ಮೊಬೈಲಿನ ಮೇಲೋ ನೆಟ್ಟಿದ್ದರೆ, ಅದು "ಇಲ್ಲ, ಎಲ್ಲವೂ ನಿಶ್ಚಲವಾಗಿದೆ" ಎನ್ನುತ್ತದೆ. ಕಣ್ಣು ಕಿವಿಗಳ ಈ ವ್ಯಾಜ್ಯದಲ್ಲಿ ಸೊರಗುವುದು ಹೊಟ್ಟೆ. ಎರಡು ವರ್ಷದೊಳಗಿನ ಶಿಶುಗಳಲ್ಲಿ ಈ ತೊಂದರೆ ವಿರಳ. ಎರಡರಿಂದ ಹನ್ನೆರಡರ ನಡುವಣ ಮಕ್ಕಳಲ್ಲಿ ಹೆಚ್ಚು. ಹುಡುಗನಿಗೆ ಶಿಕಾರಿಪುರದ ಬಳಿ ಹೊಟ್ಟೆ ತೊಳಸಿದ್ದಕ್ಕೆ ಅವನನ್ನು ಸುಮ್ಮನಾಗಿಸಿದ ಆ ಮೊಬೈಲೇ ಕಾರಣವಾಗಿದ್ದಿರಬಹುದು.

ಪರಿಹಾರವೂ ಈ ಕಾರಣದಿಂದಲೇ ಹುಟ್ಟುತ್ತದೆ. ಮಗುವಿನ ಕಣ್ಣನ್ನು ಹೊರಗೆ, ಮುಂದೆ, ದೂರಕ್ಕೆ ಕರೆಯಬೇಕು. ದೂರದ ಗುಡ್ಡವನ್ನು ನೋಡುವ ಕಣ್ಣೂ ಕುಲುಕನ್ನರಿಯುವ ಕಿವಿಯೂ ಒಂದೇ ಸಾಕ್ಷ್ಯ ನುಡಿಯುತ್ತವೆ. ಕಿಟಕಿ ಕೊಂಚ ತೆರೆದು ತಂಗಾಳಿ ಬರಲಿ. ಕಾರಿನೊಳಗೆ ಘಾಟು ವಾಸನೆಯ ಸುಗಂಧ ಬೇಡ. ತಿರುವುಗಳಲ್ಲಿ ವೇಗ ತಗ್ಗಲಿ. ನಿಂಬೆಹಣ್ಣು ಮೂಸುವುದು, ಶುಂಠಿ ಬೆಲ್ಲದ ಚೂರನ್ನು ಚೀಪುವುದು ಮನೆಮನೆಯ ರೂಢಿ. ಶುಂಠಿಯಿಂದ ಕೆಲವರಿಗೆ ಉಪಶಮನವಾಗುವುದುಂಟು. ಪ್ರತಿ ಸಲವೂ ವಾಂತಿಯಾಗುವ ಮಗುವಾದರೆ ಹೊರಡುವ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ನುಂಗಿಸುವುದು ಅಪಾಯಕರ. ಇಷ್ಟಾದರೂ ವಾಂತಿಯಾದರೆ, ಗಾಡಿ ನಿಲ್ಲಿಸಿ, ಮುಖ ತೊಳೆಸಿ, "ಆಯ್ತು ಬಿಡು, ಇನ್ನು ಹಗುರ ಆಯ್ತಲ್ಲ" ಎಂದು ಬೆನ್ನು ಸವರಿದರೆ ಸಾಕು. ವಾಂತಿಗಿಂತ ಅದರ ಮೇಲಣ ಗದರಿಕೆಯೇ ಮಗುವಿನ ನೆನಪಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಮಡಿಲು ಸಾಲದು

ಅಳುವ ಕೂಸನ್ನು ಮುಂದಿನ ಆಸನದಲ್ಲಿ ತಾಯಿ ಮಡಿಲಲ್ಲಿ ಕೂರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಸರ್ವೇಸಾಮಾನ್ಯ. ತಾಯಿಯ ಮಡಿಲಿಗಿಂತ ಕ್ಷೇಮವಾದ ಸ್ಥಳ ಬೇರಿಲ್ಲವೆಂಬುದು ಮನೆಯೊಳಗೆ ನಿಜ. ಓಡುವ ಕಾರಿನಲ್ಲಿ ಸುಳ್ಳು. ಗಂಟೆಗೆ ೬೦ ಕಿಲೋಮೀಟರ್ ವೇಗದ ಗಾಡಿ ಯಾವುದಕ್ಕಾದರೂ ಬಡಿದು ಥಟ್ಟನೆ ನಿಂತರೆ ಹತ್ತು ಕಿಲೋ ತೂಕದ ಕೂಸು ತನ್ನ ತೂಕದ ಹಲವು ಪಟ್ಟು ಬಲದಿಂದ ಮುಂದಕ್ಕೆ ಚಿಮ್ಮುತ್ತದೆ. ಎಂಥ ತೋಳೂ ಅದನ್ನು ಹಿಡಿದಿಡಲಾರದು. ಎದುರಿನ ಗಾಳಿಚೀಲ ಸಿಡಿದರೆ, ದೊಡ್ಡವರನ್ನು ರಕ್ಷಿಸಬೇಕಾದ ಅದೇ ಸಾಧನ ಮಗುವಿಗೆ ಮಾರಕವಾಗಬಹುದು.

ಆದುದರಿಂದ ಚಿಕ್ಕ ಮಕ್ಕಳ ಸ್ಥಾನ ಹಿಂದಿನ ಸೀಟಿನಲ್ಲಿ, ಅವರ ವಯಸ್ಸಿಗೂ ತೂಕಕ್ಕೂ ತಕ್ಕ ಮಕ್ಕಳ ಆಸನದಲ್ಲಿ. ೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಗೆ ತಂದ ತಿದ್ದುಪಡಿಯ ಪ್ರಕಾರ, ೧೪ ವರ್ಷ ತುಂಬದ ಮಗುವನ್ನು ಸೀಟು ಪಟ್ಟಿಯಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದೆ ವಾಹನ ನಡೆಸಿದರೆ ೧,೦೦೦ ರೂಪಾಯಿ ದಂಡವುಂಟು. ಪಟ್ಟಿ ಕಟ್ಟಿಕೊಳ್ಳಲು ಮಗು ಮೊದಮೊದಲು ಪ್ರತಿಭಟಿಸುವುದು ಸಹಜ. ದೊಡ್ಡವರೆಲ್ಲ ತಾವೂ ಕಟ್ಟಿಕೊಂಡು, "ಎಲ್ಲರ ಪಟ್ಟಿ ಕಟ್ಟಿದೆಯೇ ನೋಡು" ಎಂಬ ಅಧಿಕಾರವನ್ನು ಆ ಮಗುವಿಗೇ ಕೊಟ್ಟರೆ, ಎರಡನೆಯ ಊರಿನಷ್ಟು ಹೊತ್ತಿಗೆ ಅದು ಅಪ್ಪನನ್ನೇ ಗದರಿಸತೊಡಗುತ್ತದೆ. ಇನ್ನೊಂದು ಮಾತು: "ಎರಡೇ ನಿಮಿಷ" ಎಂದು ಮಲಗಿದ ಮಗುವನ್ನು ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟು ಕಾಫಿಗೆ ಹೋಗಲೇಬಾರದು. ಹತ್ತು ಹದಿನೈದು ನಿಮಿಷಗಳಲ್ಲೇ ಒಳಗಣ ಶಾಖ ಪ್ರಾಣಾಂತಿಕವಾಗಬಲ್ಲದು.

ಕಿಟಕಿಯ ಹೊರಗಿನ ಆಟಗಳು

ಮಗುವಿಗೆ ಕೆಲಸ ಬೇಕು. ಕೆಲಸವಿಲ್ಲದ ಮಗು ತನಗೆ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಆ ಕೆಲಸ ಸಾಮಾನ್ಯವಾಗಿ ತಮ್ಮನ ಜುಟ್ಟು ಎಳೆಯುವುದಾಗಿರುತ್ತದೆ! ಹಿಂದೆ ೨೦೬ ಎಂಬ ಸಂಖ್ಯೆಯಿಂದ ಪ್ರಸಿದ್ಧವಾಗಿದ್ದ ತುಮಕೂರು-ಹೊನ್ನಾವರ ಹೆದ್ದಾರಿಯ ಎರಡು ಬದಿಯಲ್ಲಿ ಇಂಥ ಕೆಲಸಕ್ಕೆ ಕೊರತೆಯಿಲ್ಲ.

ಮೊದಲನೆಯದು ಮರಗಳ ಆಟ. ತುಮಕೂರಿನಿಂದ ತಿಪಟೂರು, ಅರಸೀಕೆರೆಗಳವರೆಗೆ ತೆಂಗಿನದೇ ರಾಜ್ಯ. ಕಡೂರಿನ ಬಯಲು ಸೀಮೆ ದಾಟಿ ತರೀಕೆರೆಯ ಕಡೆ ಹೊರಳಿದಾಗ ಅಡಕೆ ತಲೆಯೆತ್ತುತ್ತದೆ. "ತೆಂಗು ಎಲ್ಲಿ ಮುಗಿಯಿತು? ಮೊದಲ ಅಡಕೆ ತೋಟವನ್ನು ಕಂಡವರಾರು?" ಎಂದು ಪಂದ್ಯ ಕಟ್ಟಬಹುದು. ಭದ್ರೆಯ ಕಾಲುವೆಯ ಗದ್ದೆಗಳು, ಶಿಕಾರಿಪುರದ ಜೋಳದ ಹೊಲಗಳು, ಸೊರಬದ ಅಡಕೆ, ಶುಂಠಿ, ಅನಾನಸು: ಇಷ್ಟನ್ನೂ ಗುರುತಿಸಿದ ಮಗು ಪಾಠಪುಸ್ತಕದ ಒಂದು ಅಧ್ಯಾಯವನ್ನು ಅರಿಯದೆಯೇ ಮುಗಿಸಿರುತ್ತದೆ.

ಎರಡನೆಯದು ಕಲ್ಲುಗಳ ಆಟ. ಹಳದಿ ತಲೆಯ ಮೈಲಿಗಲ್ಲು ರಾಷ್ಟ್ರೀಯ ಹೆದ್ದಾರಿಯದು. ಹಸಿರು ತಲೆಯದು ರಾಜ್ಯ ಹೆದ್ದಾರಿಯದು. ಬಣ್ಣ ಬದಲಾದುದನ್ನು ಮೊದಲು ಕೂಗಿ ಹೇಳಿದವರಿಗೆ ಒಂದು ಅಂಕ. ಅಕ್ಷರ ಕಲಿತ ಹುಡುಗಿ ಕಲ್ಲಿನ ಮೇಲಣ ಊರಿನ ಹೆಸರನ್ನು ಕನ್ನಡದಲ್ಲಿ ಓದಲಿ. ಓದಲು ಬಾರದ ತಮ್ಮ ಬಣ್ಣ ಹೇಳಲಿ. ಆಂಗ್ಲ ಶಾಲೆಯ ಎಷ್ಟೋ ಮಕ್ಕಳಿಗೆ ಕನ್ನಡವನ್ನು ಪರೀಕ್ಷೆಯ ಭಯವಿಲ್ಲದೆ ಓದಲು ದೊರೆಯುವ ಮೊದಲ ಪುಸ್ತಕ ಈ ಕಲ್ಲುಗಳೂ ಅಂಗಡಿಯ ಹಲಗೆಗಳೂ ಆಗಬಹುದು.

ಮೂರನೆಯದು ವಾಹನಗಳ ಸಂಖ್ಯೆಯದು. ಕೆಎ-೦೬ ತುಮಕೂರು, ಕೆಎ-೧೩ ಹಾಸನ, ಕೆಎ-೧೮ ಚಿಕ್ಕಮಗಳೂರು, ಕೆಎ-೧೪ ಶಿವಮೊಗ್ಗ, ಕೆಎ-೧೫ ಸಾಗರ, ಕೆಎ-೩೧ ಶಿರಸಿ. ಸಾಗರದ ಗಾಡಿಗಳು ಹೆಚ್ಚು ಕಾಣತೊಡಗಿದವೆಂದರೆ ಅಜ್ಜಿಯ ಮನೆ ಸಮೀಪಿಸುತ್ತಿದೆ ಎಂದು ಮಕ್ಕಳೇ ಊಹಿಸಬಲ್ಲರು.

ನಾಲ್ಕನೆಯದು ನದಿಗಳ ಆಟ. ಎಲ್ಲಕ್ಕಿಂತ ಸೊಗಸಾದುದು ಇದೇ. ಭದ್ರಾವತಿಯಲ್ಲಿ ಭದ್ರೆ, ಶಿವಮೊಗ್ಗದಲ್ಲಿ ತುಂಗೆ, ಶಿಕಾರಿಪುರದ ಬಳಿ ಕುಮುದ್ವತಿ, ಸೊರಬದಲ್ಲಿ ದಂಡಾವತಿ, ಇನ್ನೂ ಮುಂದೆ ಬನವಾಸಿಯನ್ನು ಬಳಸಿ ಹರಿಯುವ ವರದೆ. ತುಂಗೆ ಭದ್ರೆಯರು ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾಗುತ್ತಾರೆ. ಕುಮುದ್ವತಿ ಮುಂದೆ ಹೋಗಿ ಅದೇ ತುಂಗಭದ್ರೆಯನ್ನು ಸೇರುತ್ತಾಳೆ. ದಂಡಾವತಿ ವರದೆಯನ್ನು ಸೇರುತ್ತಾಳೆ; ವರದೆಯೂ ಕೊನೆಗೆ ತುಂಗಭದ್ರೆಗೇ. ಬೇರೆ ಬೇರೆ ಊರುಗಳಿಗೆ ಹೋದ ಅಕ್ಕತಂಗಿಯರು ಕೊನೆಗೊಂದು ಮನೆಯಲ್ಲಿ ಕೂಡಿದಂತೆ ಈ ಐದು ಹೊಳೆಗಳ ಕಥೆ. ಇದನ್ನು ಹೇಳಲು ತಾಯಿಗೆ ಒಂದು ಊರಿನಷ್ಟು ದಾರಿ ಬೇಕು. ಕೇಳಿದ ಮಗುವಿಗೆ ಸೇತುವೆ ಬಂದಾಗಲೆಲ್ಲ ಕತ್ತು ನೀಡುವ ಆಸೆ.

ಜಗಳವೇ ಆಗದೆಂದಲ್ಲ. ಅಕ್ಕ ತಮ್ಮಂದಿರು ಆರು ಗಂಟೆ ಒಂದೇ ಸೀಟಿನಲ್ಲಿ ಕುಳಿತು ಜಗಳವಾಡದಿದ್ದರೆ ಅವರಿಗೆ ಜ್ವರ ಬಂದಿರಬೇಕೆಂದು ತಿಳಿಯಬೇಕು. ನಡುವೆ ಒಂದು ದಿಂಬು, ಕಿಟಕಿಯ ಪಕ್ಕಕ್ಕೆ ಗಂಟಿನ ಲೆಕ್ಕದ ಸರದಿ, ಎಲ್ಲಕ್ಕಿಂತ ಮಿಗಿಲಾಗಿ ಸಕಾಲದ ನಿಲುಗಡೆ: ಇವೇ ಅದಕ್ಕೆ ಮದ್ದು. ಒಂದೂವರೆ, ಎರಡು ಗಂಟೆಗೊಮ್ಮೆ ಕಾರು ನಿಲ್ಲಬೇಕು. ನಿಂತಾಗ ದೊಡ್ಡವರು ಕಾಫಿ ಕುಡಿದು ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಿದರೆ ಪ್ರಯೋಜನವಿಲ್ಲ. ರಸ್ತೆಯಿಂದ ದೂರದ ಬಯಲಿನಲ್ಲಿ ಹತ್ತು ನಿಮಿಷ ಓಡಲಿ, ಕುಪ್ಪಳಿಸಲಿ. ಬಸ್ಸಿನಲ್ಲಿ ಹೋಗುವವರಿಗೆ ನಿಲುಗಡೆ ತಮ್ಮ ಕೈಯಲ್ಲಿರದು. ಅವರು ಶಿವಮೊಗ್ಗದಲ್ಲಿ ಬಸ್ಸು ಬದಲಿಸುವಾಗ ಒಂದು ಬಸ್ಸು ತಪ್ಪಿದರೂ ತಪ್ಪಲಿ ಎಂದು ಅರ್ಧಗಂಟೆ ಮಕ್ಕಳ ಕಾಲಿಗೆ ಕೊಡುವುದು ಮೇಲು.

ಊರು ಸಮೀಪಿಸಿದಾಗ

ಶಿವಮೊಗ್ಗದಿಂದ ಸವಳಂಗದ ಮಾರ್ಗವಾಗಿ ಶಿಕಾರಿಪುರಕ್ಕೆ ಬರುವಷ್ಟರಲ್ಲಿ ಮಕ್ಕಳ ಸಹನೆ ತೀರುತ್ತ ಬಂದಿರುತ್ತದೆ. "ಇನ್ನೇನು ಬಂದೇ ಬಿಟ್ಟೆವು" ಎಂದು ದೊಡ್ಡವರು ವೇಗ ಹೆಚ್ಚಿಸುವುದೂ ಇಲ್ಲಿಯೇ. ವಾಸ್ತವವಾಗಿ ನಿಧಾನಿಸಬೇಕಾದದ್ದು ಈ ಸ್ಥಳದಲ್ಲಿ. ಏಕೆಂದರೆ ನಾಡಿನ ಅತಿ ಹಳೆಯ ಕಥೆಗಳು ಈ ರಸ್ತೆಯ ಮಗ್ಗುಲಲ್ಲೇ ಮಲಗಿವೆ.

ಶಿಕಾರಿಪುರದಲ್ಲಿ ಕೆರೆಯ ಬಳಿ ಹುಚ್ಚರಾಯಸ್ವಾಮಿಯೆಂದು ಹೆಸರಾದ ಆಂಜನೇಯನಿದ್ದಾನೆ. ಹುಚ್ಚರಾಯನೆಂಬ ಹೆಸರನ್ನು ಕೇಳಿದ ಮಕ್ಕಳ ನಗೆಗೇ ಒಂದು ನಿಲುಗಡೆ ಸಾರ್ಥಕ. ಮುಂದೆ ಶಿರಾಳಕೊಪ್ಪ, ಅದರ ಸಮೀಪದಲ್ಲೇ ಅಲ್ಲಮಪ್ರಭುವಿನ ಜನ್ಮಸ್ಥಳವಾದ ಬಳ್ಳಿಗಾವಿ, ಅಕ್ಕಮಹಾದೇವಿಯ ಊರಾದ ಉಡುತಡಿ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದಲ್ಲಿ ಮಕ್ಕಳಿಗೆ ವಾಸ್ತುಶಿಲ್ಪದ ಉಪನ್ಯಾಸ ಬೇಡ. ಸಿಂಹದೊಡನೆ ಹೋರುವ ವೀರನನ್ನು ಹುಡುಕಲು ಹೇಳಿದರೆ ಸಾಕು. ಅದೇ ಊರಿನಲ್ಲಿ ೧೦೪೭ರ ಎತ್ತರವಾದ ಕಂಬವೊಂದಿದೆ. ಮನುಷ್ಯನ ದೇಹ, ಹಕ್ಕಿಯ ಎರಡು ತಲೆ: ಗಂಡಭೇರುಂಡ. ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಇಂದಿಗೂ ಇರುವ ಹಕ್ಕಿ ಅದೇ. "ಎರಡು ತಲೆಯಿದ್ದರೆ ಯಾವ ಬಾಯಿಂದ ತಿನ್ನುತ್ತದೆ?" ಎಂದು ನಾಲ್ಕು ವರ್ಷದವನು ಕೇಳಿಯೇ ಕೇಳುತ್ತಾನೆ, ಆ ಚರ್ಚೆಯಲ್ಲಿ ಕೆಲವು ಕಿಲೋಮೀಟರ್ ಸರಾಗವಾಗಿ ಕಳೆಯುತ್ತದೆ.

ಅಲ್ಲಿಗೆ ಹತ್ತಿರದ ತಾಳಗುಂದದ ಪ್ರಣವೇಶ್ವರ ದೇವಾಲಯದೆದುರಿನ ಶಾಸನಸ್ತಂಭ ಐದನೆಯ ಶತಮಾನದ್ದು. ಕವಿ ಕುಬ್ಜನು ಸಂಸ್ಕೃತದಲ್ಲಿ ರಚಿಸಿದ ಆ ಶಾಸನ ಮಯೂರಶರ್ಮನ ಕಥೆ ಹೇಳುತ್ತದೆ. ವಿದ್ಯೆ ಕಲಿಯಲು ಗುರು ವೀರಶರ್ಮನೊಡನೆ ಕಂಚಿಗೆ ಹೋದ ತರುಣ, ಅಲ್ಲಿ ಪಲ್ಲವರ ರಾವುತನೊಡನೆ ಕಲಹವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಕದಂಬರಾಜ್ಯವನ್ನು ಕಟ್ಟಿದ. ಇಲ್ಲಿಯೇ ೨೦೧೩-೧೪ರ ಉತ್ಖನನದಲ್ಲಿ ದೊರೆತ ಸಿಂಹ ಕಟಾಂಜನದ ಶಾಸನವನ್ನು ಪುರಾತತ್ತ್ವಜ್ಞರು ಕ್ರಿ.ಶ. ೩೭೦ರ ಸುಮಾರಿನದೆಂದು ಹೇಳಿದ್ದಾರೆ, ಅದರಲ್ಲಿ ಕನ್ನಡವಿದೆ. ಮಕ್ಕಳಿಗೆ ಈ ಇಸವಿಗಳು ನೆನಪಿರಬೇಕಾಗಿಲ್ಲ. "ಈ ಊರಿನ ಹುಡುಗ ಕಾರಿಲ್ಲದ ಕಾಲದಲ್ಲಿ ಕಂಚಿಯವರೆಗೆ ಹೋದ. ಅವನ ದಾರಕ್ಕೆ ಎಷ್ಟು ಗಂಟು ಬೇಕಾಗಿತ್ತು?" ಎಂದು ಕೇಳಿದರೆ, ಹತ್ತು ಗಂಟಿನ ದಾರ ಹಿಡಿದ ಹುಡುಗಿ ಕಣ್ಣರಳಿಸಿ ಯೋಚಿಸುತ್ತಾಳೆ. ಅಷ್ಟು ಸಾಕು. ಎಲ್ಲ ಸ್ಥಳಗಳನ್ನೂ ಒಂದೇ ದಿನ ತೋರಿಸುವ ದುರಾಸೆಯೂ ಬೇಡ. ಹೋಗುವಾಗ ಒಂದು, ಬರುವಾಗ ಒಂದು. ದಸರೆಯ ರಜೆಯಲ್ಲಿ ಹೋಗುವವರು ಸೊರಬದ ಆಚೆಯ ಗುಡವಿ ಪಕ್ಷಿಧಾಮವನ್ನು ಸೇರಿಸಿಕೊಳ್ಳಬಹುದು. ಮಳೆಗಾಲದಲ್ಲಿ ತುಂಬಿದ ಕೆರೆ, ಮರಗಳ ತುಂಬ ಬಿಳಿಯ ಕೆಂಬರಲುಗಳು. ಎಣಿಸುವ ಆಟಕ್ಕೆ ಕೊನೆಯೇ ಇಲ್ಲ.

ಕಾಡಿನ ಅಂಚಿನಲ್ಲಿ ಒಂದು ಎಚ್ಚರ

ಬೇಸಗೆಯಲ್ಲಿ ಬರುವವರು ಒಂದು ವಿಷಯವನ್ನು ಮರೆಯಬಾರದು. ಮಂಗನ ಕಾಯಿಲೆಯೆಂದು ಕರೆಯುವ ರೋಗ ಮೊದಲು ಪತ್ತೆಯಾದದ್ದು ೧೯೫೭ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ರೋಗಕ್ಕೆ ಇಂದಿಗೂ ಕ್ಯಾಸನೂರಿನ ಹೆಸರೇ ಇದೆ. ಉಣುಗುಗಳ ಕಡಿತದಿಂದ ಅದು ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ನೆರಳು ಕಂಡಿತೆಂದು ಕಾಡಿನೊಳಗೆ ನುಗ್ಗಿ ತರಗೆಲೆಯ ಮೇಲೆ ಬುತ್ತಿ ಬಿಚ್ಚುವುದು ಬೇಡ. ಊಟಕ್ಕೆ ಊರಿನ ಕಟ್ಟೆಯೋ ದೇವಾಲಯದ ಅಂಗಳವೋ ಲೇಸು. ಸತ್ತ ಮಂಗ ಕಂಡರೆ ಸಮೀಪ ಹೋಗಕೂಡದು. ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ತೋಟ, ಕಾಡಿನ ಅಂಚುಗಳಲ್ಲಿ ಆಡಿ ಬಂದ ಮಕ್ಕಳಿಗೆ ಸಂಜೆ ಬಿಸಿನೀರಿನ ಸ್ನಾನ ಮಾಡಿಸಿ ಮೈಯೆಲ್ಲ ಪರೀಕ್ಷಿಸಬೇಕು; ಕಳಚಿದ ಬಟ್ಟೆಯನ್ನು ಒಗೆಯದೆ ಮತ್ತೆ ತೊಡಿಸಬಾರದು. ಅನಂತರದ ದಿನಗಳಲ್ಲಿ ಜ್ವರ ಬಂದರೆ, ಬೆಂಗಳೂರಿನ ವೈದ್ಯರಿಗೆ "ಸೊರಬದ ಕಡೆ ಹೋಗಿದ್ದೆವು" ಎಂದು ಮರೆಯದೆ ಹೇಳಬೇಕು. ಭಯಕ್ಕೆ ಕಾರಣವಿಲ್ಲ, ಮಲೆನಾಡಿನವರು ಈ ಎಚ್ಚರದೊಡನೆಯೇ ಬಾಳುತ್ತಾರೆ.

ಸುಮ್ಮನಿರುವುದೂ ಸಂತೋಷವಾಗಿರುವುದೂ

ಮೊಬೈಲನ್ನು ಸಂಪೂರ್ಣವಾಗಿ ಬಹಿಷ್ಕರಿಸಬೇಕೆಂದು ಯಾವ ತಾಯಿಗೂ ಉಪದೇಶಿಸುವುದು ನ್ಯಾಯವಲ್ಲ. ಎಂಟು ಗಂಟೆಗಳ ದಾರಿಯಲ್ಲಿ ಅವಳಿಗೂ ಅರ್ಧಗಂಟೆ ಕಣ್ಣುಮುಚ್ಚಬೇಕೆನಿಸುತ್ತದೆ. ಅದೇ ಯಂತ್ರದಲ್ಲಿ ಕಥೆಯನ್ನೋ ಹಾಡನ್ನೋ ಕಿವಿಗೆ ಮಾತ್ರ ಕೇಳಿಸಿದರೆ ಕಣ್ಣು ಹೊರಗೇ ಇರುತ್ತದೆ, ಹೊಟ್ಟೆಯೂ ತೊಳಸದು. ಆದರೆ ಸದ್ದಿಲ್ಲದ ಮಗುವನ್ನು ಕಂಡು ಅದು ಸಂತೋಷವಾಗಿದೆಯೆಂದು ಭ್ರಮಿಸಬಾರದು. ತೆರೆಯ ಮೇಲೆ ಕಣ್ಣಿಟ್ಟು ಬಂದ ಮಗುವಿಗೆ ಬೆಂಗಳೂರಿನ ಬಾಗಿಲಿಗೂ ಸೊರಬದ ಬಾಗಿಲಿಗೂ ನಡುವೆ ಏನೂ ಇರುವುದಿಲ್ಲ. ತೆಂಗು ಅಡಕೆಯಾದುದನ್ನು, ಹಳದಿ ಕಲ್ಲು ಹಸಿರಾದುದನ್ನು, ನಾಲ್ಕು ಹೊಳೆ ದಾಟಿದುದನ್ನು ಕಂಡ ಮಗುವಿಗಾದರೋ ಒಂದು ನಾಡೇ ಇರುತ್ತದೆ. ಬನವಾಸಿ ಸೀಮೆಯನ್ನು ಮರೆಯಲಾರದೆ ಹತ್ತನೆಯ ಶತಮಾನದ ಪಂಪ ತನ್ನ ಕಾವ್ಯದಲ್ಲಿ ಹಂಬಲಿಸಿದ್ದನ್ನು ಕನ್ನಡಿಗರೆಲ್ಲ ಬಲ್ಲರು. ಆ ಹಂಬಲಕ್ಕೆ ವಸ್ತುವಾದುದು ಕಣ್ಣಾರೆ ಕಂಡ ನಾಡು. ಕಾಣದ ನಾಡನ್ನು ಯಾರೂ ನೆನೆಯಲಾರರು.

ಆ ವರ್ಷ ಮಗನ ಕಾರು ಅಜ್ಜಿಯ ಅಂಗಳಕ್ಕೆ ಬಂದಾಗ ಊಟದ ಹೊತ್ತು ಮೀರಿ, ಸಂಜೆಯ ದೀಪ ಹಚ್ಚುವ ಸಮಯವಾಗಿತ್ತು. ದಾರಿಯಲ್ಲಿ ಒಮ್ಮೆ ವಾಂತಿಯಾಗಿತ್ತು. ಎರಡು ಸಲ ಜಗಳವಾಗಿತ್ತು. ಒಂದು ಬೊಂಬೆ ತಿಪಟೂರಿನಲ್ಲೇ ಉಳಿದಿತ್ತು. ಆದರೂ ಬಾಗಿಲು ತೆರೆದೊಡನೆ ಹುಡುಗಿ ದಾರವನ್ನು ಎತ್ತಿ ಹಿಡಿದು ಓಡಿಬಂದಳು. ಒಂಬತ್ತು ಗಂಟು ಬಿಚ್ಚಿದ, ಬೆವರಿನಿಂದ ಮಾಸಿದ ದಾರ. ಹತ್ತನೆಯದನ್ನು ಅಜ್ಜಿ ನಡುಗುವ ಬೆರಳಿನಿಂದ ಮೆಲ್ಲನೆ ಬಿಚ್ಚಿದಳು.

"ಅಜ್ಜಿ, ನಾಲ್ಕು ಹೊಳೆ ಆಯ್ತು. ಐದನೇದು ಬನವಾಸೀಲಿ ಇದೆಯಂತೆ. ನಾಳೆ ಹೋಗೋಣವಾ?"

"ಹೋಗೋಣ ಮಗಾ. ಮೊದಲು ಕೈಕಾಲು ತೊಳ್ಕೊಂಡು ಊಟ ಮಾಡು" ಎಂದಳು ಅಜ್ಜಿ. ಆ ದಾರವನ್ನು ಮಾತ್ರ ಎಸೆಯಲಿಲ್ಲ. ಹಿಂತಿರುಗುವ ದಾರಿಗೂ ಹತ್ತು ಗಂಟು ಬೇಕಲ್ಲವೇ?